ಇಸ್ರೇಲನ್ನು ಟೀಕಿಸಿದರೆ ಯಹೂದಿ ದ್ವೇಷವಾಗುತ್ತದೆಯೇ? ಗೆರೆ ಎಲ್ಲಿದೆ?

"ಗಾಜಾದಲ್ಲಿ ಇಸ್ರೇಲ್ ಸರ್ಕಾರ ಮಾಡುತ್ತಿರುವುದು ಅನ್ಯಾಯ." ಇದು ಒಂದು ಮಾತು. "ಈ ಯಹೂದಿಗಳ ಬುದ್ಧಿಯೇ ಇಷ್ಟು, ಎಲ್ಲಿ ಹೋದರೂ ಇದೇ ಕೆಲಸ." ಇದು ಇನ್ನೊಂದು ಮಾತು. ವಾಟ್ಸಾಪ್ ಗ್ರೂಪಿನಲ್ಲಿ ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ. ಓದುವವರು ಎರಡಕ್ಕೂ ಒಂದೇ ಇಮೋಜಿ ಒತ್ತಿ ಮುಂದೆ ಹೋಗುತ್ತಾರೆ. ಆದರೆ ಮೊದಲನೆಯದು ರಾಜಕೀಯ ಟೀಕೆ, ಎರಡನೆಯದು ಧರ್ಮದ್ವೇಷ.

ಈ ಎರಡು ಉದಾಹರಣೆಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕಷ್ಟ ಇರುವುದು ಇವೆರಡರ ನಡುವೆ ಬರುವ ನೂರಾರು ಮಾತುಗಳಲ್ಲಿ. ಇಸ್ರೇಲ್ ವಿರುದ್ಧ ಬಾಯಿ ಬಿಟ್ಟವರೆಲ್ಲ ಯಹೂದಿ ದ್ವೇಷಿಗಳು ಎಂದು ಒಂದು ಗುಂಪು ಕೂಗುತ್ತದೆ. ನಾವು ಹೇಳುವುದೆಲ್ಲ ಬರೀ ರಾಜಕೀಯ, ದ್ವೇಷ ಎಂಬುದೇ ಇಲ್ಲ ಎಂದು ಇನ್ನೊಂದು ಗುಂಪು ವಾದಿಸುತ್ತದೆ. ಹಾಗಾದರೆ ಗೆರೆ ಎಲ್ಲಿದೆ? ಅದನ್ನು ಗುರುತಿಸಲು ಸಾಮಾನ್ಯ ಓದುಗರಿಗೆ ದಾರಿ ಇದೆಯೇ? ಬನ್ನಿ, ಒಂದೊಂದಾಗಿ ನೋಡೋಣ.

ಈ ಪ್ರಶ್ನೆ ಈಗೇಕೆ?

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. 251 ಮಂದಿಯನ್ನು ಒತ್ತೆಯಾಳುಗಳಾಗಿ ಗಾಜಾಕ್ಕೆ ಎಳೆದೊಯ್ಯಲಾಯಿತು. ಅದರ ಬೆನ್ನಿಗೇ ಇಸ್ರೇಲ್ ಶುರು ಮಾಡಿದ ಯುದ್ಧದಲ್ಲಿ ಗಾಜಾದ ಸತ್ತವರ ಸಂಖ್ಯೆ 2025ರ ಜುಲೈ ಕೊನೆಯ ಹೊತ್ತಿಗೆ 60 ಸಾವಿರ ದಾಟಿತು ಎಂದು ಅಲ್ಲಿನ ಆರೋಗ್ಯ ಸಚಿವಾಲಯ ಲೆಕ್ಕ ಕೊಟ್ಟಿತು. ಊರಿಗೆ ಊರೇ ನೆಲಸಮವಾದ ಚಿತ್ರಗಳನ್ನು ಜಗತ್ತು ದಿನವೂ ಮೊಬೈಲಿನಲ್ಲಿ ನೋಡಿತು. ಸಿಟ್ಟು ಬಂದದ್ದು ಸಹಜ.

ಆದರೆ ಆ ಸಿಟ್ಟು ಹೋಗಿ ಬಿದ್ದದ್ದೆಲ್ಲಿ? 2025ರ ಅಕ್ಟೋಬರ್ 2ರಂದು, ಯಹೂದಿಗಳಿಗೆ ವರ್ಷದಲ್ಲೇ ಅತಿ ಪವಿತ್ರವಾದ ಯೋಮ್ ಕಿಪ್ಪೂರ್ ದಿನ, ಬ್ರಿಟನ್ನಿನ ಮ್ಯಾಂಚೆಸ್ಟರ್‌ನಲ್ಲಿ ಯಹೂದಿ ಪ್ರಾರ್ಥನಾ ಮಂದಿರವೊಂದರ ಮೇಲೆ ದಾಳಿ ನಡೆಯಿತು. ಪ್ರಾರ್ಥನೆಗೆ ಬಂದಿದ್ದ ಇಬ್ಬರು ಪ್ರಾಣ ಕಳೆದುಕೊಂಡರು. ಇನ್ನೊಂದು ಕಡೆ, ಹಮಾಸ್ ದಾಳಿ ನಡೆದು ಒಂದು ವಾರ ಕಳೆಯುವಷ್ಟರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪ್ಯಾಲೆಸ್ತೀನ್ ಮೂಲದ ಆರು ವರ್ಷದ ಮಗುವನ್ನು ಮನೆ ಮಾಲೀಕನೇ ಇರಿದು ಕೊಂದ. ಆ ಮಗುವಿಗೂ ಹಮಾಸ್‌ಗೂ ಏನು ಸಂಬಂಧ? ಮ್ಯಾಂಚೆಸ್ಟರ್‌ನಲ್ಲಿ ಪ್ರಾರ್ಥನೆಗೆ ಹೋದವರಿಗೂ ಗಾಜಾ ಮೇಲೆ ಬಿದ್ದ ಬಾಂಬಿಗೂ ಏನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತೇವಲ್ಲ, ಇದೂ ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಬರೆಯ ಜಾಗದಲ್ಲಿ ಚೂರಿ ಇದೆ.

ಯಹೂದಿ, ಇಸ್ರೇಲಿ, ಜಿಯೋನಿಸ್ಟ್: ಮೂರೂ ಒಂದೇ ಅಲ್ಲ

ಗೊಂದಲ ಶುರುವಾಗುವುದೇ ಈ ಮೂರು ಪದಗಳಿಂದ.

ಯಹೂದಿ ಎಂದರೆ ಒಂದು ಧರ್ಮಕ್ಕೆ, ಒಂದು ಜನಾಂಗಕ್ಕೆ ಸೇರಿದವರು. ಜಗತ್ತಿನಲ್ಲಿ ಅವರ ಸಂಖ್ಯೆ ಸುಮಾರು ಒಂದೂವರೆ ಕೋಟಿ. ಅಂದರೆ ಬೆಂಗಳೂರಿನ ಜನಸಂಖ್ಯೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಸ್ರೇಲಿನ ಹೊರಗೆ, ಅಮೆರಿಕ, ಫ್ರಾನ್ಸ್, ಬ್ರಿಟನ್, ಕೆನಡಾ ಮುಂತಾದ ಕಡೆ ಇದ್ದಾರೆ. ಅವರು ಇಸ್ರೇಲಿನ ಚುನಾವಣೆಯಲ್ಲಿ ಮತ ಹಾಕುವುದಿಲ್ಲ.

ಇಸ್ರೇಲಿ ಎಂದರೆ 1948ರಲ್ಲಿ ಸ್ಥಾಪನೆಯಾದ ಇಸ್ರೇಲ್ ದೇಶದ ಪ್ರಜೆ. ಸುಮಾರು ಒಂದು ಕೋಟಿ ಜನರ ಆ ದೇಶದಲ್ಲಿ ಐದರಲ್ಲೊಂದು ಪಾಲು ಅರಬರು. ಅವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಡ್ರೂಜ್ ಪಂಗಡದವರಿದ್ದಾರೆ. ಎಂದರೆ ಇಸ್ರೇಲಿಗಳೆಲ್ಲ ಯಹೂದಿಗಳಲ್ಲ, ಯಹೂದಿಗಳೆಲ್ಲ ಇಸ್ರೇಲಿಗಳೂ ಅಲ್ಲ.

ಜಿಯೋನಿಸಂ ಒಂದು ರಾಜಕೀಯ ಚಿಂತನೆ. ಯಹೂದಿಗಳಿಗೆ ಅವರ ಪ್ರಾಚೀನ ನೆಲದಲ್ಲಿ ತಮ್ಮದೇ ದೇಶ ಬೇಕು ಎನ್ನುವ ವಾದ. ಥಿಯೋಡೋರ್ ಹರ್ಜ್ಲ್ ಎಂಬ ಪತ್ರಕರ್ತ 1897ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಇದರ ಮೊದಲ ಸಮ್ಮೇಳನ ಕರೆದರು. ಆಗಿನಿಂದಲೂ ಯಹೂದಿಗಳಲ್ಲೇ ಇದಕ್ಕೆ ವಿರೋಧ ಇದೆ. ಯೂರೋಪಿನ ಯಹೂದಿ ಕಾರ್ಮಿಕ ಸಂಘಟನೆ 'ಬುಂಡ್' ಇದನ್ನು ಒಪ್ಪಲಿಲ್ಲ. ದೇವರು ಮೆಸ್ಸಾಯನನ್ನು ಕಳಿಸುವ ತನಕ ದೇಶ ಕಟ್ಟಬಾರದು ಎನ್ನುವ ಕಟ್ಟಾ ಸಂಪ್ರದಾಯಸ್ಥ ಯಹೂದಿ ಪಂಗಡಗಳು ಇವತ್ತಿಗೂ ಇವೆ. ಅದೇ ಸಮಯಕ್ಕೆ, ಹಿಟ್ಲರನ ನಂತರ ತಮಗೆ ತಲೆ ಮರೆಸಲು ಇರುವ ಒಂದೇ ಸೂರು ಇಸ್ರೇಲ್ ಎಂದು ನಂಬುವ ಯಹೂದಿಗಳು ಬಹಳ ಮಂದಿ ಇದ್ದಾರೆ ಎಂಬುದೂ ನಿಜ. ಅದಕ್ಕೇ ಇಸ್ರೇಲ್ ಕುರಿತ ಮಾತು ಅವರಿಗೆ ನೇರ ಎದೆಗೆ ತಾಗುತ್ತದೆ.

ಹಳೆಯ ಸುಳ್ಳಿಗೆ ಹೊಸ ಹೆಸರು

ಟೀಕೆ ಮಾಡಿದ ಕೂಡಲೇ ಯಹೂದಿಗಳು ಬೆಚ್ಚಿಬೀಳುವುದೇಕೆ? ಇತಿಹಾಸ ಗೊತ್ತಿಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ.

1348-49ರಲ್ಲಿ ಯೂರೋಪಿನಲ್ಲಿ ಪ್ಲೇಗ್ ಮಾರಿ ಹಬ್ಬಿದಾಗ, ಯಹೂದಿಗಳು ಬಾವಿಗಳಿಗೆ ವಿಷ ಹಾಕಿದರು ಎಂದು ಸುದ್ದಿ ಎಬ್ಬಿಸಲಾಯಿತು. ಸ್ಟ್ರಾಸ್‌ಬರ್ಗ್‌ನಂತಹ ಊರುಗಳಲ್ಲಿ ಅವರನ್ನು ಸಾಮೂಹಿಕವಾಗಿ ಸುಟ್ಟುಹಾಕಿದರು. 1894ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್ ಮೇಲೆ ದೇಶದ್ರೋಹದ ಸುಳ್ಳು ಆರೋಪ ಬಂತು. ಅವರು ಯಹೂದಿ ಎಂಬುದರಿಂದಲೇ ಆ ಆರೋಪವನ್ನು ಜನ ಸುಲಭವಾಗಿ ನಂಬಿದರು. ನಿರಪರಾಧಿ ಎಂದು ತೀರ್ಮಾನವಾಗಲು 1906 ಬರಬೇಕಾಯಿತು.

1903ರಲ್ಲಿ ರಷ್ಯಾದಲ್ಲಿ ಒಂದು ಬರಹ ಪ್ರಕಟವಾಯಿತು. ಯಹೂದಿ ಹಿರಿಯರು ಗುಟ್ಟಾಗಿ ಸೇರಿ ಇಡೀ ಜಗತ್ತನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಸಂಚು ರೂಪಿಸಿದ 'ನಡಾವಳಿ' ಎಂದು ಅದನ್ನು ಹರಡಲಾಯಿತು. ಅದು ಪೂರಾ ನಕಲಿ. ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್‌ನನ್ನು ಗೇಲಿ ಮಾಡಲು 1864ರಲ್ಲಿ ಬರೆದ ಪುಸ್ತಕವೊಂದರಿಂದ ಕದ್ದು ಹೊಲಿದದ್ದು ಎಂದು ಲಂಡನ್ನಿನ 'ಟೈಮ್ಸ್' ಪತ್ರಿಕೆ 1921ರಲ್ಲೇ ಸಾಬೀತು ಮಾಡಿತು. ಆದರೂ ಸುಳ್ಳು ನಿಲ್ಲಲಿಲ್ಲ. ಹಿಟ್ಲರನ ಪ್ರಚಾರಕ್ಕೆ ಅದು ಸರಕಾಯಿತು. 60 ಲಕ್ಷ ಯಹೂದಿಗಳ ಹತ್ಯಾಕಾಂಡಕ್ಕೆ ನೆಲ ಹದಮಾಡಿದ ಸುಳ್ಳುಗಳಲ್ಲಿ ಇದೂ ಒಂದು. ಹಮಾಸ್‌ನ 1988ರ ಸನ್ನದಿನಲ್ಲೂ ಇದೇ ನಕಲಿ ಪುಸ್ತಕದ ಉಲ್ಲೇಖವಿತ್ತು.

ಹತ್ಯಾಕಾಂಡದ ನಂತರ 'ಯಹೂದಿಗಳು ಹೀಗೆ' ಎಂದು ಬಹಿರಂಗವಾಗಿ ಹೇಳುವುದು ಕಷ್ಟವಾಯಿತು. ಆಗ ಹಳೆಯ ಸುಳ್ಳು ಹೆಸರು ಬದಲಿಸಿಕೊಂಡಿತು. ಇದಕ್ಕೆ ನೇರ ಉದಾಹರಣೆ ಪೋಲೆಂಡ್. 1968ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ 'ಜಿಯೋನಿಸ್ಟ್ ವಿರೋಧಿ' ಅಭಿಯಾನ ಶುರು ಮಾಡಿತು. ಹೆಸರಿಗೆ ಅದು ಇಸ್ರೇಲಿನ ಟೀಕೆ. ನಿಜದಲ್ಲಿ ಕೆಲಸ ಕಳೆದುಕೊಂಡವರು ಪೋಲೆಂಡಿನಲ್ಲೇ ಹುಟ್ಟಿ ಬೆಳೆದ ಯಹೂದಿ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರು, ಅಧಿಕಾರಿಗಳು. ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ 13 ಸಾವಿರದಷ್ಟು ಜನ ಪೌರತ್ವ ಕಳೆದುಕೊಂಡು ದೇಶ ಬಿಟ್ಟರು. ಅವರಲ್ಲಿ ಎಷ್ಟೋ ಮಂದಿ ಇಸ್ರೇಲಿನ ಮುಖವನ್ನೇ ನೋಡಿರಲಿಲ್ಲ.

ಪದ 'ಜಿಯೋನಿಸ್ಟ್' ಆದರೂ ಏಟು ಬಿದ್ದದ್ದು ಯಹೂದಿಗೆ. ಹೀಗಾಗಿ ಪದ ಯಾವುದು ಎಂದು ನೋಡಿದರೆ ಸಾಲದು, ಏಟು ಯಾರಿಗೆ ಬೀಳುತ್ತಿದೆ ಎಂದೂ ನೋಡಬೇಕು.

ವ್ಯಾಖ್ಯೆಗಳು ಏನು ಹೇಳುತ್ತವೆ?

ಗೆರೆ ಎಳೆಯುವ ಪ್ರಯತ್ನಗಳು ಹಲವು ನಡೆದಿವೆ. ಮುಖ್ಯವಾದವು ಮೂರು.

ಮೊದಲನೆಯದು, ಸೋವಿಯತ್ ಜೈಲಿನಲ್ಲಿದ್ದು ನಂತರ ಇಸ್ರೇಲಿನ ಸಚಿವರಾದ ನತಾನ್ ಶರಾನ್ಸ್ಕಿ 2004ರ ಸುಮಾರಿಗೆ ಮುಂದಿಟ್ಟ ಪರೀಕ್ಷೆ. ಟೀಕೆಯಲ್ಲಿ ಇಸ್ರೇಲನ್ನು ರಾಕ್ಷಸನಂತೆ ಚಿತ್ರಿಸಲಾಗಿದೆಯೇ? ಅದಕ್ಕೊಂದು, ಬೇರೆ ದೇಶಕ್ಕೊಂದು ಎಂದು ಎರಡು ಅಳತೆ ಬಳಸಲಾಗಿದೆಯೇ? ಅದರ ಅಸ್ತಿತ್ವದ ಹಕ್ಕನ್ನೇ ಅಲ್ಲಗಳೆಯಲಾಗಿದೆಯೇ? ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ದ್ವೇಷ ಎಂಬುದು ಅವರ ನಿಲುವು.

ಎರಡನೆಯದು, 2016ರಲ್ಲಿ ಅಂತಾರಾಷ್ಟ್ರೀಯ ಹತ್ಯಾಕಾಂಡ ಸ್ಮರಣೆ ಒಕ್ಕೂಟ ಒಪ್ಪಿದ ವ್ಯಾಖ್ಯೆ. 40ಕ್ಕೂ ಹೆಚ್ಚು ದೇಶಗಳು ಇದನ್ನು ಸ್ವೀಕರಿಸಿವೆ. ಬೇರೆ ದೇಶಗಳನ್ನು ಟೀಕಿಸುವ ರೀತಿಯಲ್ಲೇ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಲ್ಲ ಎಂದು ಇದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಇದರ ಜತೆಗಿರುವ 11 ಉದಾಹರಣೆಗಳಲ್ಲಿ ಹೆಚ್ಚಿನವು ಇಸ್ರೇಲಿಗೆ ಸಂಬಂಧಿಸಿದವು ಎಂಬುದರಿಂದ ವಿವಾದವಾಯಿತು. ಈ ವ್ಯಾಖ್ಯೆಯ ಮೂಲ ಕರಡು ಬರೆದವರಲ್ಲಿ ಮುಖ್ಯರಾದ ಅಮೆರಿಕದ ವಕೀಲ ಕೆನೆತ್ ಸ್ಟರ್ನ್ ಅವರೇ ನಂತರ ಆಕ್ಷೇಪ ಎತ್ತಿದರು. ದ್ವೇಷದ ಘಟನೆಗಳ ಅಂಕಿಅಂಶ ಸಂಗ್ರಹಿಸಲು ಬರೆದದ್ದನ್ನು ವಿಶ್ವವಿದ್ಯಾಲಯಗಳಲ್ಲಿ ಬಾಯಿ ಮುಚ್ಚಿಸಲು ಬಳಸಬಾರದು ಎಂದರು. ಅವರೂ ಯಹೂದಿಯೇ.

ಮೂರನೆಯದು, 2021ರ ಜೆರುಸಲೇಂ ಘೋಷಣೆ. ಯಹೂದಿ ಇತಿಹಾಸ, ಹತ್ಯಾಕಾಂಡದ ಅಧ್ಯಯನದಲ್ಲಿ ತೊಡಗಿದ ಇನ್ನೂರಕ್ಕೂ ಹೆಚ್ಚು ವಿದ್ವಾಂಸರು ಇದಕ್ಕೆ ಸಹಿ ಹಾಕಿದರು. ಟೀಕೆ ಹದ ಮೀರಿದೆ, ಅತಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅದು ದ್ವೇಷವಾಗುವುದಿಲ್ಲ ಎನ್ನುತ್ತದೆ ಈ ಘೋಷಣೆ. ಇಸ್ರೇಲ್ ಸರಕುಗಳ ಬಹಿಷ್ಕಾರವೂ ತನ್ನಷ್ಟಕ್ಕೆ ದ್ವೇಷವಲ್ಲ ಎಂಬುದು ಅದರ ಅಭಿಪ್ರಾಯ.

ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಕೊನೆಯ ಎರಡು ದಾಖಲೆಗಳು ಒಂದು ಕಡೆ ಕೈಜೋಡಿಸುತ್ತವೆ. ಇಸ್ರೇಲ್ ಸರ್ಕಾರ ಮಾಡಿದ್ದಕ್ಕೆ ಎಲ್ಲೋ ಇರುವ ಯಹೂದಿಗಳನ್ನು ಸಾಮೂಹಿಕವಾಗಿ ಹೊಣೆ ಮಾಡುವುದು ದ್ವೇಷ. ಇದರಲ್ಲಿ ಎರಡು ಮಾತಿಲ್ಲ. ಸಾಮಾನ್ಯ ಓದುಗರು ಹಿಡಿದುಕೊಳ್ಳಬೇಕಾದ ಎಳೆಯೂ ಇದೇ.

ನೀವೇ ಕೇಳಿಕೊಳ್ಳಬಹುದಾದ ನಾಲ್ಕು ಪ್ರಶ್ನೆಗಳು

1. ವಾಕ್ಯದ ಕರ್ತೃ ಯಾರು? ಶಾಲೆಯಲ್ಲಿ ಕಲಿತ ಕರ್ತೃ, ಕರ್ಮ, ಕ್ರಿಯಾಪದ ನೆನಪಿದೆಯೇ? ಅದನ್ನೇ ಇಲ್ಲಿ ಬಳಸಿ. 'ಸರ್ಕಾರ', 'ಪ್ರಧಾನಿ', 'ಸೇನೆ', 'ಸಂಸತ್ತು' ಕರ್ತೃವಾಗಿದ್ದರೆ ಅದು ರಾಜಕೀಯ. 'ಯಹೂದಿಗಳು', 'ಆ ಜನ', 'ಅವರ ರಕ್ತ' ಕರ್ತೃವಾಗಿದ್ದರೆ ಎಚ್ಚರಾಗಿ. ಸರ್ಕಾರ ಬದಲಾದರೆ ಟೀಕೆಯೂ ಬದಲಾಗುತ್ತದೆ. ಹುಟ್ಟು ಬದಲಾಗುವುದಿಲ್ಲ. ಆದ್ದರಿಂದ ಹುಟ್ಟನ್ನು ಗುರಿ ಮಾಡಿದ ಆರೋಪಕ್ಕೆ ಉತ್ತರ ಕೊಡುವ ದಾರಿಯೇ ಇರುವುದಿಲ್ಲ.

2. ಆರೋಪವನ್ನು ಪರಿಶೀಲಿಸಲು ಆಗುತ್ತದೆಯೇ? "ಇಂಥ ದಿನ ಇಂಥ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು" ಎಂದರೆ ನಿಜವೋ ಸುಳ್ಳೋ ನೋಡಬಹುದು. "ಜಗತ್ತಿನ ಬ್ಯಾಂಕು, ಸಿನಿಮಾ, ಪತ್ರಿಕೆಗಳನ್ನೆಲ್ಲ ಅವರೇ ತೆರೆಮರೆಯಲ್ಲಿ ಆಡಿಸುತ್ತಾರೆ" ಎಂದರೆ ಪರಿಶೀಲಿಸಲು ಏನೂ ಇಲ್ಲ. ಅದು 1903ರ ಆ ನಕಲಿ ಪುಸ್ತಕವೇ ಹೊಸ ಅಂಗಿ ತೊಟ್ಟು ಬಂದದ್ದು.

3. ಬೇರೆ ದೇಶದ ಹೆಸರು ಹಾಕಿದರೂ ಇದೇ ಮಾತು ಹೇಳುತ್ತೀರಾ? ರಷ್ಯಾ, ಚೀನಾ, ಅಮೆರಿಕ, ಪಾಕಿಸ್ತಾನ, ಭಾರತ ಎಂದು ಬದಲಿಸಿ ಓದಿ ನೋಡಿ. ಅದೇ ತಪ್ಪಿಗೆ ಅದೇ ಮಾತು ಬರುತ್ತದೆಯೇ? ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಒಂದೇ ದೇಶದ ಬಗ್ಗೆ ಮಾತಾಡುವುದೇ ದ್ವೇಷವಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿರುವ ಟಿಬೆಟಿಯನ್ನರು ಚೀನಾ ಸರ್ಕಾರದ ಬಗ್ಗೆ ಮಾತ್ರ ದೂರುತ್ತಾರೆ, ಸೂಡಾನಿನ ಬಗ್ಗೆ ಮಾತಾಡುವುದಿಲ್ಲ ಎಂದು ಅವರನ್ನು ಯಾರೂ ಬಯ್ಯುವುದಿಲ್ಲ. ನೋವು ಎಲ್ಲಿದೆಯೋ ಮಾತು ಅಲ್ಲಿಂದಲೇ ಬರುತ್ತದೆ. ಪ್ಯಾಲೆಸ್ತೀನಿಯರಿಗೂ ಇದು ಅನ್ವಯಿಸುತ್ತದೆ.

4. ಸಿಟ್ಟು ಯಾರ ಮನೆ ಬಾಗಿಲಿಗೆ ಹೋಗುತ್ತಿದೆ? ಇಸ್ರೇಲಿನ ರಾಯಭಾರ ಕಚೇರಿ ಮುಂದೆ ಪ್ರತಿಭಟಿಸುವುದು ಒಂದು. ಪ್ರಾರ್ಥನಾ ಮಂದಿರದ ಮುಂದೆ, ಯಹೂದಿ ಶಾಲೆಯ ಮುಂದೆ ಕೂಗಾಡುವುದು ಇನ್ನೊಂದು. ಕಾಲೇಜಿನಲ್ಲಿ ಪಕ್ಕ ಕೂತ ಯಹೂದಿ ವಿದ್ಯಾರ್ಥಿಯನ್ನು "ಮೊದಲು ನೀನು ಇಸ್ರೇಲನ್ನು ಖಂಡಿಸು, ಆಮೇಲೆ ಮಾತಾಡು" ಎಂದು ನಿಲ್ಲಿಸಿ ಕೇಳುವುದೂ ಇದೇ ಸಾಲಿಗೆ ಸೇರುತ್ತದೆ. ಬೇರೆ ಯಾರಿಗೂ ಇಲ್ಲದ ಪ್ರವೇಶ ಪರೀಕ್ಷೆ ಅವರಿಗೆ ಮಾತ್ರ ಏಕೆ?

ಮಾತು ಎಷ್ಟು ಖಾರವಾಗಿದೆ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ತುಂಬ ಕಟುವಾದ ಟೀಕೆ ನ್ಯಾಯವಾದದ್ದಾಗಿರಬಹುದು. ತುಂಬ ನಯವಾದ ಮಾತಿನೊಳಗೆ ದ್ವೇಷ ಅಡಗಿರಬಹುದು.

ಸುಲಭವಾಗಿ ಬಗೆಹರಿಯದ ಸಂದರ್ಭಗಳು

ಎಲ್ಲವೂ ಇಷ್ಟು ಸಲೀಸಾಗಿ ತೀರ್ಮಾನವಾಗುವುದಿಲ್ಲ. ಕೆಲವು ಮಾತುಗಳ ಬಗ್ಗೆ ಪ್ರಾಮಾಣಿಕರಲ್ಲೂ ಜಗಳವಿದೆ.

'ನದಿಯಿಂದ ಸಮುದ್ರದವರೆಗೆ ಪ್ಯಾಲೆಸ್ತೀನ್ ಸ್ವತಂತ್ರವಾಗಲಿ' ಎಂಬ ಘೋಷಣೆ ಅಂಥದ್ದು. ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗಿನ ನೆಲದಲ್ಲಿ ಎಲ್ಲರಿಗೂ ಸಮಾನ ಹಕ್ಕು ಸಿಗಲಿ ಎಂಬ ಅರ್ಥದಲ್ಲಿ ಕೆಲವರು ಇದನ್ನು ಕೂಗುತ್ತಾರೆ. ಅಲ್ಲಿರುವ ಯಹೂದಿಗಳನ್ನು ಓಡಿಸಬೇಕು ಎಂಬ ಅರ್ಥದಲ್ಲೂ ಕೂಗುವವರಿದ್ದಾರೆ. ಇದೇ ಭೂಪಟವನ್ನು ತಿರುಗಿಸಿ ಹೇಳಿದವರೂ ಉಂಟು. ಸಮುದ್ರ ಮತ್ತು ಜೋರ್ಡಾನ್ ನಡುವೆ ಇಸ್ರೇಲಿನ ಸಾರ್ವಭೌಮತ್ವ ಮಾತ್ರ ಇರುತ್ತದೆ ಎಂದು ಇಸ್ರೇಲಿನ ಲಿಕುಡ್ ಪಕ್ಷ 1977ರ ಪ್ರಣಾಳಿಕೆಯಲ್ಲಿ ಬರೆದಿತ್ತು. ಹಾಗಾಗಿ ಘೋಷಣೆ ಕೇಳಿದಾಗ, "ಹಾಗಾದರೆ ಅಲ್ಲಿರುವ ಇನ್ನೊಂದು ಜನ ಏನಾಗಬೇಕು?" ಎಂದು ಮರುಪ್ರಶ್ನೆ ಕೇಳಿ. ಬರುವ ಉತ್ತರದಲ್ಲಿ ಬಣ್ಣ ಗೊತ್ತಾಗುತ್ತದೆ.

'ವರ್ಣಭೇದ' ಎಂಬ ಆರೋಪ ಎರಡನೆಯದು. 2021ರಲ್ಲಿ ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬಿ'ತ್ಸೆಲೆಮ್, ನಂತರ ಹ್ಯೂಮನ್ ರೈಟ್ಸ್ ವಾಚ್, 2022ರಲ್ಲಿ ಆಮ್ನೆಸ್ಟಿ ಈ ಪದ ಬಳಸಿ ವರದಿ ಕೊಟ್ಟವು. ಇಸ್ರೇಲ್ ಇದನ್ನು ತೀವ್ರವಾಗಿ ತಳ್ಳಿಹಾಕುತ್ತದೆ. ಇದು ಕಾನೂನಿನಲ್ಲಿ ಅರ್ಥವಿರುವ ಪದ. ಒಪ್ಪಬಹುದು, ಸಾಕ್ಷ್ಯ ಇಟ್ಟು ಅಲ್ಲಗಳೆಯಬಹುದು. ಹಾಗೆ ವಾದಿಸಲು ಸಾಧ್ಯವಿರುವುದನ್ನು ದ್ವೇಷ ಎಂದು ಕರೆದು ಬಾಗಿಲು ಹಾಕುವುದು ಸರಿಯಾಗದು.

ಇಸ್ರೇಲನ್ನು ನಾಜಿಗಳಿಗೆ ಹೋಲಿಸುವುದು ಮೂರನೆಯದು. 2016ರ ವ್ಯಾಖ್ಯೆ ಇದನ್ನು ದ್ವೇಷದ ಉದಾಹರಣೆಗಳಲ್ಲಿ ಸೇರಿಸಿದೆ. ಇಸ್ರೇಲಿನ ಹೆಸರಾಂತ ಧಾರ್ಮಿಕ ಚಿಂತಕ ಯೆಶಾಯಾಹು ಲೈಬೊವಿಚ್ ಅವರೇ ತಮ್ಮ ಸೇನೆಯ ನಡವಳಿಕೆ ಕುರಿತು ಇಂಥ ಹೋಲಿಕೆ ಮಾಡಿ ದೇಶವನ್ನು ಕೆರಳಿಸಿದ್ದರು. ತಮ್ಮವರನ್ನು ಎಚ್ಚರಿಸಲು ಒಬ್ಬರು ಆಡುವ ಮಾತಿಗೂ, ಹತ್ಯಾಕಾಂಡದಲ್ಲಿ ಅಜ್ಜ ಅಜ್ಜಿಯನ್ನು ಕಳೆದುಕೊಂಡವರ ಮುಖಕ್ಕೆ ಹೊಡೆದಂತೆ ಹೊರಗಿನವರು ಆಡುವ ಮಾತಿಗೂ ವ್ಯತ್ಯಾಸವಿದೆ. ಗಾಜಾದ ಸಾವುನೋವನ್ನು ಹೇಳಲು ಆ ಹೋಲಿಕೆ ಬೇಕಾಗಿಯೂ ಇಲ್ಲ.

ಆರೋಪವನ್ನೇ ಗುರಾಣಿ ಮಾಡಿಕೊಂಡಾಗ

ಇನ್ನೊಂದು ಬದಿಯ ತಪ್ಪನ್ನೂ ಹೇಳಲೇಬೇಕು. 2024ರ ನವೆಂಬರ್ 21ರಂದು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಸ್ರೇಲ್ ಪ್ರಧಾನಿ ಬೆಂಜಮಿನ್ ನೆತನ್ಯಾಹು, ಮಾಜಿ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಅದೇ ದಿನ ಹಮಾಸ್‌ನ ಸೇನಾ ಮುಖ್ಯಸ್ಥ ಮೊಹಮ್ಮದ್ ದೈಫ್ ವಿರುದ್ಧವೂ ವಾರಂಟ್ ಬಂತು. ನೆತನ್ಯಾಹು ಕಚೇರಿ ಇದನ್ನು ಯಹೂದಿ ದ್ವೇಷದ ತೀರ್ಮಾನ ಎಂದು ಕರೆಯಿತು. ವಾರಂಟ್ ತಪ್ಪಿರಬಹುದು, ನ್ಯಾಯಾಲಯಕ್ಕೆ ಆ ಅಧಿಕಾರ ಇಲ್ಲ ಎಂದು ವಾದಿಸಬಹುದು. ಆದರೆ ಇಬ್ಬರು ರಾಜಕಾರಣಿಗಳ ಮೇಲಿನ ಆರೋಪವನ್ನು ಇಡೀ ಧರ್ಮದ ಮೇಲಿನ ದಾಳಿ ಎಂದರೆ ಏನಾಗುತ್ತದೆ? ಆ ಧರ್ಮದವರೆಲ್ಲರನ್ನೂ ತಮ್ಮ ಸರ್ಕಾರದ ಬೆನ್ನಿಗೆ ಕಟ್ಟಿದಂತಾಗುತ್ತದೆ.

ಇಲ್ಲಿರುವ ವಿಚಿತ್ರ ನೋಡಿ. "ಇಸ್ರೇಲ್ ಎಂದರೆ ಯಹೂದಿಗಳೇ" ಎಂದು ಯಹೂದಿ ದ್ವೇಷಿ ಹೇಳುತ್ತಾನೆ. "ಇಸ್ರೇಲನ್ನು ಟೀಕಿಸಿದರೆ ಯಹೂದಿಗಳನ್ನೇ ಟೀಕಿಸಿದಂತೆ" ಎಂದು ಗುರಾಣಿ ಹಿಡಿದವರು ಹೇಳುತ್ತಾರೆ. ಇಬ್ಬರೂ ದೇಶವನ್ನೂ ಧರ್ಮವನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ನಡುವೆ ಸಿಕ್ಕಿಕೊಳ್ಳುವವರು ತಮ್ಮ ಪಾಡಿಗೆ ತಾವಿರುವ ಸಾಮಾನ್ಯ ಯಹೂದಿಗಳು. ಅವರಲ್ಲೇ ಎಷ್ಟೋ ಮಂದಿ ಈ ಯುದ್ಧವನ್ನು ಗಟ್ಟಿಯಾಗಿ ವಿರೋಧಿಸಿದವರು. 2025ರ ಜುಲೈನಲ್ಲಿ ಗಾಜಾದಲ್ಲಿ ನಡೆಯುತ್ತಿರುವುದು ನರಮೇಧ ಎಂದು ವರದಿ ಕೊಟ್ಟದ್ದು ಇದೇ ಬಿ'ತ್ಸೆಲೆಮ್. ಅವರನ್ನೂ ಯಹೂದಿ ದ್ವೇಷಿಗಳು ಎನ್ನೋಣವೇ?

ಇನ್ನೂ ದೊಡ್ಡ ಅಪಾಯವಿದೆ. ತೋಳ ಬಂತು ತೋಳ ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕತೆ ಗೊತ್ತಲ್ಲ. ಎಲ್ಲ ಟೀಕೆಗೂ ದ್ವೇಷದ ಹಣೆಪಟ್ಟಿ ಹಚ್ಚಿದರೆ, ನಿಜವಾದ ದ್ವೇಷ ಪ್ರಾರ್ಥನಾ ಮಂದಿರದ ಬಾಗಿಲಿಗೆ ಬಂದ ದಿನ ಕೂಗಿದರೂ ಯಾರೂ ಓಡಿ ಬರುವುದಿಲ್ಲ.

ಗೆರೆ ಕಾಪಾಡಿಕೊಂಡ ಭಾರತ

ಇದು ಸಾಧ್ಯವೇ ಎಂದು ಕೇಳುವವರಿಗೆ ಭಾರತದ ಇತಿಹಾಸದಲ್ಲೇ ಉತ್ತರವಿದೆ.

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ತೀನ್ ವಿಭಜನೆಯ ಪ್ರಸ್ತಾಪ ಬಂದಾಗ ಭಾರತ ವಿರುದ್ಧ ಮತ ಹಾಕಿತು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟರೂ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1992ರಲ್ಲಿ. 1975ರಲ್ಲಿ ಜಿಯೋನಿಸಂ ಒಂದು ಬಗೆಯ ಜನಾಂಗಭೇದ ಎಂಬ ವಿಶ್ವಸಂಸ್ಥೆಯ ನಿರ್ಣಯದ ಪರ ಮತ ಹಾಕಿದ ದೇಶಗಳಲ್ಲಿ ಭಾರತವೂ ಇತ್ತು. 1991ರಲ್ಲಿ ಆ ನಿರ್ಣಯ ರದ್ದಾದಾಗ ರದ್ದತಿಯ ಪರವೂ ಮತ ಹಾಕಿತು. ಒಟ್ಟಿನಲ್ಲಿ ನಾಲ್ಕು ದಶಕ ಕಾಲ ಇಸ್ರೇಲಿನ ನೀತಿಯನ್ನು ಭಾರತ ಗಟ್ಟಿಯಾಗಿ ಟೀಕಿಸಿತು. ಆ ನಿಲುವು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ.

ಅದೇ ನಾಲ್ಕು ದಶಕಗಳಲ್ಲಿ ಇಲ್ಲಿನ ಯಹೂದಿಗಳಿಗೆ ಏನಾಯಿತು? ಕೊಂಕಣ ಕರಾವಳಿಯ ಬೆನೆ ಇಸ್ರೇಲಿಗಳು ಮರಾಠಿ ಮಾತಾಡುತ್ತ ಮುಂಬೈನ ಕಚೇರಿ, ರೈಲ್ವೆ, ಶಾಲೆಗಳಲ್ಲಿ ದುಡಿದರು. ಅವರಲ್ಲೊಬ್ಬರಾದ ನಿಸ್ಸಿಮ್ ಎಝೆಕಿಯಲ್ ದೇಶದ ದೊಡ್ಡ ಇಂಗ್ಲಿಷ್ ಕವಿಯಾದರು. ಕೊಲ್ಕತ್ತಾದ ಬಾಗ್ದಾದಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಜೆ.ಎಫ್.ಆರ್. ಜೇಕಬ್ 1971ರ ಯುದ್ಧದಲ್ಲಿ ಢಾಕಾದ ಶರಣಾಗತಿಗೆ ಮಾತುಕತೆ ನಡೆಸಿದ ಸೇನಾಧಿಕಾರಿ. ದೆಹಲಿಯಲ್ಲಿ ಇಸ್ರೇಲನ್ನು ಖಂಡಿಸುವ ಹೇಳಿಕೆ ಬಂದಾಗ ಇವರ ಮನೆ ಬಾಗಿಲಿಗೆ ಯಾರೂ ಕಲ್ಲು ಹಿಡಿದು ಬರಲಿಲ್ಲ. ನಂತರ ಬಹಳಷ್ಟು ಜನ ಇಸ್ರೇಲಿಗೆ ಹೋದರು ನಿಜ, ಆದರೆ ಯಾರೂ ಓಡಿಸಲಿಲ್ಲ. ಈಗ ಉಳಿದಿರುವವರು ಕೆಲವೇ ಸಾವಿರ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು.

ಮುಂಬೈ, ಪುಣೆಯಲ್ಲಿರುವ ನಮ್ಮ ಓದುಗರು ಬೈಕುಲ್ಲಾದ ಮಾಗೆನ್ ಡೇವಿಡ್ ಮಂದಿರವನ್ನೋ, ಕಾಲಾಘೋಡಾದ ನೀಲಿ ಬಣ್ಣದ ಕೆನೆಸೆತ್ ಎಲಿಯಾಹೂ ಮಂದಿರವನ್ನೋ, ಪುಣೆಯವರು ಲಾಲ್ ದೇವಲ್ ಎಂದು ಕರೆಯುವ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಮಂದಿರವನ್ನೋ ಎಷ್ಟೋ ಸಲ ದಾಟಿ ಹೋಗಿರುತ್ತೀರಿ. ಅವುಗಳ ಮುಂದೆ ಇವತ್ತು ಪೊಲೀಸ್ ಕಾವಲು ಏಕಿದೆ ಎಂಬುದೂ ನಿಮಗೆ ಗೊತ್ತು. 2008ರ ನವೆಂಬರ್ 26ರ ದಾಳಿಯಲ್ಲಿ ಹೊರಗಿನಿಂದ ಬಂದ ಉಗ್ರರು ಕೊಲಾಬಾದ ನಾರಿಮನ್ ಹೌಸನ್ನು ಹುಡುಕಿಕೊಂಡು ಹೋದರು. ಅದೊಂದು ಯಹೂದಿ ಧಾರ್ಮಿಕ ಕೇಂದ್ರ. ಧರ್ಮಗುರು, ಅವರ ಗರ್ಭಿಣಿ ಪತ್ನಿ ಸೇರಿ ಆರು ಜನರನ್ನು ಅಲ್ಲಿ ಕೊಂದರು. ಅವರ ಎರಡು ವರ್ಷದ ಮಗುವನ್ನು ಎದೆಗವಚಿಕೊಂಡು ಹೊರಗೆ ಓಡಿ ಬಂದವರು ಅಲ್ಲಿ ಕೆಲಸಕ್ಕಿದ್ದ ಭಾರತೀಯ ಆಯಾ.

ನಮ್ಮ ಬೀದಿಗೂ ಇದೇ ಅಳತೆ

ಈ ಗೆರೆಯನ್ನು ನಾವು ಎಲ್ಲ ಕಡೆ ಕಾಪಾಡಿಕೊಂಡಿದ್ದೇವೆ ಎನ್ನಲಾಗದು. 1962ರ ಚೀನಾ ಯುದ್ಧದ ಹೊತ್ತಿಗೆ ಭಾರತದಲ್ಲೇ ಹುಟ್ಟಿ ಬೆಳೆದವರೂ ಸೇರಿ ಸುಮಾರು 3 ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದಿಯೋಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಈಶಾನ್ಯ ರಾಜ್ಯದವರನ್ನು ಬೀದಿಯಲ್ಲಿ ಹೀಯಾಳಿಸಿದರು. ಕೊನೆಗೆ ಕೇಂದ್ರ ಗೃಹ ಸಚಿವಾಲಯವೇ ಎಲ್ಲ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಪಾಕಿಸ್ತಾನ ಸರ್ಕಾರದ ಮೇಲಿನ ಸಿಟ್ಟು ನಮ್ಮ ಅಪಾರ್ಟ್‌ಮೆಂಟಿನ ಮುಸ್ಲಿಂ ಕುಟುಂಬದತ್ತ ತಿರುಗುವುದನ್ನೂ ನೋಡಿದ್ದೇವೆ. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಉರುಳಿದ ಮೇಲೆ ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಅನೇಕ ದೇವಸ್ಥಾನಗಳು ದಾಳಿಗೆ ತುತ್ತಾದವು. ಅಲ್ಲಿನ ಹಿಂದೂಗಳು ಅಯೋಧ್ಯೆಯನ್ನು ಕಂಡಿರಲೂ ಇಲ್ಲ.

ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ಗಲಾಟೆಯಾದಾಗ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳಿಗೆ ಬೆಂಕಿ ಬಿತ್ತು, ಚೆನ್ನೈನಲ್ಲಿ ಕರ್ನಾಟಕ ಮೂಲದವರ ಹೋಟೆಲ್ ಮೇಲೆ ದಾಳಿ ನಡೆಯಿತು. ನೀರು ಬಿಡುವ, ಬಿಡದಿರುವ ತೀರ್ಮಾನ ಮಾಡುವುದು ಸರ್ಕಾರ. ಇಡ್ಲಿ ಬೇಯಿಸುವವನಿಗೂ ಬಸ್ಸು ಓಡಿಸುವವನಿಗೂ ಅದರಲ್ಲಿ ಪಾತ್ರವೇ ಇಲ್ಲ. ಅಲ್ಲಿ ಭಾಷೆಯ ಹೆಸರಿನಲ್ಲಿ ಆದದ್ದು ಇಲ್ಲಿ ಧರ್ಮದ ಹೆಸರಿನಲ್ಲಿ ಆಗುತ್ತಿದೆ. ತಾನು ಮಾಡದ ತೀರ್ಮಾನಕ್ಕೆ ಉತ್ತರ ಕೊಡು ಎಂದು ಯಾರೋ ಬಂದು ನಿಂತಾಗ ಹೇಗಿರುತ್ತದೆ ಎಂಬುದು ಚೆನ್ನೈ, ಮುಂಬೈ ಕನ್ನಡಿಗರಿಗೆ ಅನುಭವದಿಂದಲೇ ಗೊತ್ತು.

ಫಾರ್ವರ್ಡ್ ಮಾಡುವ ಮುನ್ನ

ಇಸ್ರೇಲ್ ಸರ್ಕಾರದ ಬಗ್ಗೆ ಕಟುವಾಗಿ ಬರೆಯಿರಿ, ಹಮಾಸ್ ಬಗ್ಗೆಯೂ ಬರೆಯಿರಿ. ಸತ್ತವರ ಲೆಕ್ಕ ಕೇಳಿ, ಶಸ್ತ್ರ ಕೊಟ್ಟವರನ್ನು ಪ್ರಶ್ನಿಸಿ, ಒತ್ತೆಯಾಳುಗಳ ಬಗ್ಗೆ ಕೇಳಿ. ಇದೆಲ್ಲ ಪ್ರಜಾಪ್ರಭುತ್ವದಲ್ಲಿ ಮಾತಾಡಬೇಕಾದ ವಿಷಯವೇ. ಗ್ರೂಪಿನಲ್ಲಿ ಬಂದ ಸಂದೇಶವನ್ನು ಮುಂದೆ ಕಳಿಸುವ ಮೊದಲು ಮಾತ್ರ ಒಮ್ಮೆ ನಿಧಾನಿಸಿ, ಆ ವಾಕ್ಯದ ಕರ್ತೃ ಯಾರೆಂದು ನೋಡಿ. 'ಯಹೂದಿಗಳು' ಎಂದಿರುವ ಕಡೆ 'ಇಸ್ರೇಲ್ ಸರ್ಕಾರ' ಎಂದೋ, 'ಮುಸ್ಲಿಮರು' ಎಂದಿರುವ ಕಡೆ 'ಹಮಾಸ್' ಎಂದೋ ಹಾಕಿ ಓದಿ. ಆಗಲೂ ಮಾತು ನಿಂತರೆ ಹಾಗೆಯೇ ತಿದ್ದಿ ಕಳಿಸಬಹುದು. ಹಾಗೆ ಬದಲಿಸಿದರೆ ಅರ್ಥವೇ ಕೆಟ್ಟುಹೋಗುತ್ತದೆ ಎಂದಾದರೆ, ಆ ಸಂದೇಶ ಬರೆದವರಿಗೆ ಗಾಜಾದ ಮಕ್ಕಳ ಬಗ್ಗೆಯಾಗಲಿ, ಇಸ್ರೇಲಿನ ಒತ್ತೆಯಾಳುಗಳ ಬಗ್ಗೆಯಾಗಲಿ ಚಿಂತೆ ಇರಲಿಲ್ಲ ಎಂದು ತಿಳಿಯಿರಿ. ಅದನ್ನು ಅಲ್ಲೇ ಅಳಿಸಿಬಿಡಿ.